ಪದ ಬೇಕು: ಅಪ್ರೆಂಟಿಸ್, ಫ್ಯೂಯಲ್ ಪೆಲೆಟ್, ಫ್ಯೂಯಲ್ ಬಂಡಲ್ (ನಾಳೆ ಬೆಳಿಗ್ಗೆಗೆ)

ಕಲಬುರಗಿಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮ ಐಟಿಐನಲ್ಲಿ ಒಂದು ಬೋರ್ಡ್ ಬರೆಸುತ್ತಿದ್ದೇವೆ. ಅಣು ವಿದ್ಯುತ್ ಸ್ಥಾವರಗಳಿಗೆ ಇಂಧನ ತಯಾರಿಸುವ ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯಲ್ ಕಾಂಪ್ಲೆಕ್ಸ್‌ಗೆ ಫಿಟ್ಟರ್, ಟರ್ನರ್, ಮೆಷಿನಿಸ್ಟ್ ಹುಡುಗರು ಹೋದರೆ ಅಲ್ಲಿ ಏನು ಕಲಿಯುತ್ತಾರೆ ಅಂತ ಕನ್ನಡದಲ್ಲಿ ತಿಳಿಸುವ ಬೋರ್ಡ್. ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಮೇಲಿನ ಮೂರು ಪದಕ್ಕೆ ಕನ್ನಡ ಬೇಕು. ಪೇಪರ್ ಜಾಹೀರಾತಿನಲ್ಲಿ ಅಪ್ರೆಂಟಿಸ್‌ಗೆ ‘ಶಿಶಿಕ್ಷು’ ಅಂತ ಹಾಕುತ್ತಾರೆ. ಅದನ್ನೇ ಬರೆಸಲಾ?

ಸೇಡಂನಿಂದ:

ಬೇಡವೇ ಬೇಡ. ‘ಶಿಕ್ಷ್’ ಅನ್ನುವುದೇ ಸಂಸ್ಕೃತದ ‘ಶಕ್’ ಧಾತುವಿನ ಇಚ್ಛಾರ್ಥಕ ರೂಪ, ಅಂದರೆ ಬಯಕೆ ಹೇಳುವ ರೂಪ. ಅದಕ್ಕೆ ಮತ್ತೊಮ್ಮೆ ಇಚ್ಛಾರ್ಥಕ ಹಚ್ಚಿ ‘ಶಿಶಿಕ್ಷು’ ಮಾಡಿದ್ದಾರೆ. 1961ರ ಅಪ್ರೆಂಟಿಸ್ ಕಾಯ್ದೆಯ ಹಿಂದಿ ಹೆಸರಿನಲ್ಲಿ ‘ಶಿಕ್ಷು’ ಅಂತಷ್ಟೇ ಇದೆ. ನಮ್ಮವರು ಇನ್ನೊಂದು ‘ಶಿ’ ಯಾಕೆ ಸೇರಿಸಿದರೋ! ಹುಡುಗರು ಅದನ್ನು ಶಿಶು ಅಂತ ಓದುತ್ತಾರೆ. ‘ಕಲಿಕೆಗಾರ’ ಅಂತ ಬರೆಸಿ. ಫ್ಯೂಯಲ್‌ಗೆ ಇಂಧನವೂ ಬೇಡ, ಉರುವಲು ಎಂಬ ಅಚ್ಚಗನ್ನಡ ಪದ ಇದೆ.

ಬೀದರ್‌ನಿಂದ:

ಸೇಡಂ ಸರ್, ನಿಮ್ಮ ‘ಗಾರ’ ಸಂಸ್ಕೃತದ ‘ಕಾರ’. ಹಾಗಾದರೆ ಅಚ್ಚಗನ್ನಡ ಎಲ್ಲಿ ಬಂತು?

ಈ ಭಾಗಕ್ಕೆ ಪದ ಹೊಸದಾಗಿ ಕಟ್ಟಬೇಕಿಲ್ಲ. ‘ಶಾಗಿರ್ದ’ ಇದೆ, ಉಸ್ತಾದರ ಕೈಕೆಳಗೆ ಕಲಿಯುವವನು. ಬಿದ್ರಿ ಕೆಲಸದ ಅಂಗಡಿಯಲ್ಲಿ ಒಂದು ಮಧ್ಯಾಹ್ನ ಕೂತು ನೋಡಿ. ಸತು, ತಾಮ್ರದ ಎರಕ ಅರದಲ್ಲಿ ಉಜ್ಜಿ ನುಣುಪಾಗಿರುತ್ತೆ. ಉಸ್ತಾದರು ಉಳಿಯಿಂದ ಹೂವಿನ ಗೆರೆ ಕೊರೆಯುತ್ತಾರೆ. ಶಾಗಿರ್ದ ಆ ಗೆರೆಯೊಳಗೆ ಬೆಳ್ಳಿ ತಂತಿ ಇಟ್ಟು ಸಣ್ಣ ಸುತ್ತಿಗೆಯಿಂದ ಕೂರಿಸುತ್ತಾನೆ. ಕೊನೆಗೆ ಕೋಟೆಯ ಮಣ್ಣು, ನವಸಾಗರದ ನೀರಲ್ಲಿ ಕಪ್ಪು ಬರಿಸುವ ಕೆಲಸವನ್ನು ಉಸ್ತಾದರು ಬೇಗ ಬಿಟ್ಟುಕೊಡುವುದಿಲ್ಲ. ಕೆಲಸ ಮಾಡುತ್ತಲೇ ಕಲಿಯುವುದು ಅಂದರೆ ಇದೇ ಅಲ್ವಾ? ನೀವೆಲ್ಲ ಕನ್ನಡ ಅಂದುಕೊಂಡ ‘ತರಬೇತಿ’ ಕೂಡ ಅರಬ್ಬಿಯ ‘ತರ್ಬಿಯತ್’ನಿಂದ ಬಂದದ್ದು.

ಸೇಡಂನಿಂದ:

ಬೀದರ್ ದಾಟಿದರೆ ಶಾಗಿರ್ದ ಯಾರಿಗೂ ತಿಳಿಯದು. 1948ರವರೆಗೆ, ನಿಜಾಮರ ಕಾಲದಲ್ಲಿ, ಇಲ್ಲಿ ಸರ್ಕಾರದ ಕಾಗದಪತ್ರ ನಡೆದದ್ದು ಉರ್ದುವಿನಲ್ಲಿ. ನಮ್ಮ ಹಿರಿಯರು ತಮ್ಮ ಹೊಲದ ಕಾಗದ ಓದಿಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. ಆ ಪದಗಳನ್ನು ಮತ್ತೆ ಬೋರ್ಡಿಗೆ ಏರಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಬೀದರ್‌ನಿಂದ:

ಕಾಗದ ಅನ್ನುವುದೂ ಅದೇ ದಾರಿಯಲ್ಲಿ ಬಂದ ಪದ. ಸರ್ಕಾರದ ಮೇಲಿನ ಸಿಟ್ಟನ್ನು ಕಸುಬಿನ ಮಾತಿನ ಮೇಲೆ ತೀರಿಸಬೇಡಿ. ಉಸ್ಮಾನಿಯಾ ವಿಶ್ವವಿದ್ಯಾಲಯ 1918ರಲ್ಲಿ ಉರ್ದು ಮಾಧ್ಯಮದಲ್ಲೇ ಶುರುವಾಯಿತು. ಪುಸ್ತಕ, ಪರಿಭಾಷೆ ಬೇಕಲ್ಲ, ಅದಕ್ಕಂತಲೇ ಒಂದು ಅನುವಾದ ಕಚೇರಿ ಇಟ್ಟರು. ಕನ್ನಡಕ್ಕೆ ಅಂಥದ್ದೊಂದು ಬೇಕು ಅಂತ ನಾವು ಜಗಳ ಆಡಬೇಕು. ಇಲ್ಲಿ ‘ಗಾರ’ಕ್ಕೆ ಜಗಳ ಆಡುತ್ತಿದ್ದೇವೆ.

ಕಲಬುರಗಿಯಿಂದ:

ದಯವಿಟ್ಟು ಪೆಲೆಟ್, ಬಂಡಲ್ ಬಗ್ಗೆಯೂ ಹೇಳಿ. ಪೇಂಟರ್ ಎರಡು ಸಲ ಫೋನ್ ಮಾಡಿದರು.

ಶಹಾಪುರದಿಂದ:

ನಾನು ಹೈದರಾಬಾದಿನ ಆ ಕಾಂಪ್ಲೆಕ್ಸ್‌ನಲ್ಲೇ ಅಪ್ರೆಂಟಿಸ್ ಮಾಡಿದವನು, ಮೆಷಿನಿಸ್ಟ್ ಟ್ರೇಡ್. ವಸ್ತು ಹೇಗಿದೆ ಅಂತ ಮೊದಲು ಹೇಳುತ್ತೇನೆ.

ಯುರೇನಿಯಂ ಡೈಆಕ್ಸೈಡ್ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಹೈಡ್ರೋಜನ್ ತುಂಬಿದ ಕುಲುಮೆಯಲ್ಲಿ ಸುಮಾರು 1,700 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸುತ್ತಾರೆ. ಪುಡಿ ಕರಗುವುದಿಲ್ಲ, ಕಣಕ್ಕೆ ಕಣ ಕಚ್ಚಿಕೊಂಡು ಗಟ್ಟಿಯಾಗುತ್ತೆ. ಹೊರಗೆ ಬಂದದ್ದು ಬೆರಳ ತುದಿಯಷ್ಟು ದಪ್ಪದ, ಕಪ್ಪನೆಯ ಉರುಳೆ. ಆಮೇಲೆ ಸೆಂಟರ್‌ಲೆಸ್ ಗ್ರೈಂಡಿಂಗ್. ಐಟಿಐನಲ್ಲಿ ಲೇಥ್ ಮೇಲೆ ಚಕ್‌ನಲ್ಲಿ ಜಾಬ್ ಹಿಡಿದು ಕಲಿತವನಿಗೆ ಇದು ಮೊದಲು ನಂಬಿಕೆಯೇ ಬರುವುದಿಲ್ಲ. ಜಾಬ್‌ಗೆ ಹಿಡಿತವೇ ಇಲ್ಲ. ಎರಡು ಚಕ್ರದ ನಡುವೆ, ಕೆಳಗೊಂದು ಬ್ಲೇಡ್ ಮೇಲೆ ತಿರುಗುತ್ತಾ ಸಾಗುತ್ತೆ. ಒಂದು ಚಕ್ರ ಸವೆಸುತ್ತೆ, ಇನ್ನೊಂದು ವೇಗ ಹಿಡಿದಿಡುತ್ತೆ. ವ್ಯಾಸ ಕೂದಲೆಳೆಯಷ್ಟು ಹೆಚ್ಚಾದರೂ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಯೊಳಗೆ ಅದು ಇಳಿಯುವುದಿಲ್ಲ. ಇದಕ್ಕೆ ‘ಇಂಧನ ಗುಳಿಗೆ’ ಸರಿ. ಬಿಲ್ಲೆ ಅಂದರೆ ಚಪ್ಪಟೆ ಅನಿಸುತ್ತೆ.

ಉರುವಲು ಬೇಡ. ಅದು ಉರಿಯುವಂಥದ್ದು. ಇಲ್ಲಿ ಏನೂ ಉರಿಯುವುದಿಲ್ಲ, ಪರಮಾಣುವಿನ ಬೀಜ ಒಡೆದು ಶಾಖ ಬರುತ್ತೆ. ಇಂಧನವೂ ಮೂಲದಲ್ಲಿ ಹೊತ್ತಿಸುವ ಕಟ್ಟಿಗೆಯೇ, ನಿಜ. ಆದರೆ ಗ್ಯಾಸು, ಪೆಟ್ರೋಲು ಅಂತ ಬಳಸಿ ಬಳಸಿ ಆ ಪದ ಕಟ್ಟಿಗೆಯನ್ನು ಯಾವತ್ತೋ ಬಿಟ್ಟಿದೆ.

ಇನ್ನು ಬಂಡಲ್. ಕೈಗಾದ 220 ಮೆಗಾವಾಟ್ ರಿಯಾಕ್ಟರ್‌ಗಳ ಬಂಡಲ್‌ನಲ್ಲಿ ಗುಳಿಗೆ ತುಂಬಿದ 19 ಕೊಳವೆ, 700 ಮೆಗಾವಾಟ್‌ನವುಗಳಲ್ಲಿ 37. ಉದ್ದ ಸುಮಾರು ಅರ್ಧ ಮೀಟರ್. ನಮ್ಮ ಕಡೆ ಜೋಳದ ದಂಟಿನ ಸೂಡು ಕಟ್ಟುತ್ತೇವಲ್ಲ, ನೋಡಲು ಹಾಗೇ. ಆದರೆ ಸೂಡನ್ನು ನಡುವೆ ಬಿಗಿಯುತ್ತೇವೆ. ಇದನ್ನು ಎರಡೂ ತುದಿಗೆ ಪ್ಲೇಟ್ ಇಟ್ಟು ವೆಲ್ಡ್ ಮಾಡುತ್ತಾರೆ. ಕೊಳವೆ ಕೊಳವೆಗೆ ತಾಗಬಾರದು, ಆ ಸಂದಿನಲ್ಲಿ ಶಾಖ ಒಯ್ಯುವ ಭಾರಜಲ ಹರಿಯಬೇಕು. ಹಾಗಾಗಿ ಸೂಡು, ಕಟ್ಟು, ಕಂತೆ ಯಾವುದೂ ಪೂರ್ತಿ ಕೂರುವುದಿಲ್ಲ. ಬೀಡಿ ಬಂಡಲ್, ನೂಲಿನ ಬಂಡಲ್ ಅಂತ ಅಜ್ಜಿಯರೂ ಅನ್ನುತ್ತಾರೆ. ‘ಇಂಧನ ಬಂಡಲ್’ ಅಂತಲೇ ಇರಲಿ.

ಅಪ್ರೆಂಟಿಸ್‌ಗೆ ಅಪ್ರೆಂಟಿಸ್. ನಮ್ಮ ತಾಲ್ಲೂಕಿನ ಗೋಗಿಯಲ್ಲಿ ಯುರೇನಿಯಂ ಇದೆ ಅಂತ ಗೊತ್ತಾದಾಗ ಯಾರೂ ಅದಕ್ಕೆ ಕನ್ನಡ ಹುಡುಕಲಿಲ್ಲ. ಗಣಿ ಬೇಡ ಅಂದವರೂ ಯುರೇನಿಯಂ ಅಂತಲೇ ಅಂದರು. ಹುಡುಗ ಅರ್ಜಿ ತುಂಬುವಾಗ ಅಲ್ಲಿರುವುದು ಅಪ್ರೆಂಟಿಸ್. ಬೋರ್ಡಿನ ಮೇಲೆ ಕಲಿಕೆಗಾರ ಅಂತ ಕಂಡರೆ ಇದು ನನಗಲ್ಲ ಅಂತ ಮುಂದೆ ಹೋಗುತ್ತಾನೆ.

ಸೇಡಂನಿಂದ:

ಗುಳಿಗೆ ಒಪ್ಪಿದೆ. ಉಳಿದದ್ದು ಸೋಮಾರಿತನ.

ಕಲಬುರಗಿಯಿಂದ:

ಅಪ್ರೆಂಟಿಸ್, ಇಂಧನ ಗುಳಿಗೆ, ಇಂಧನ ಬಂಡಲ್. ಇಷ್ಟನ್ನು ಪೇಂಟರ್‌ಗೆ ಕಳಿಸುತ್ತಿದ್ದೇನೆ. ಬಹುವಚನ ಮಾತ್ರ ಬೇಗ ಹೇಳಿ: ಅಪ್ರೆಂಟಿಸರು ಅಂತಲಾ, ಅಪ್ರೆಂಟಿಸ್‌ಗಳು ಅಂತಲಾ?

ಬೀದರ್‌ನಿಂದ:

ಮನುಷ್ಯರಿಗೆ ‘ರು’. ಉಸ್ತಾದರು ಅನ್ನುವ ಹಾಗೆ ಅಪ್ರೆಂಟಿಸರು.

ಶಹಾಪುರದಿಂದ:

ಯಾರ ಬಾಯಲ್ಲೂ ಕೇಳಿಲ್ಲ. ಅಪ್ರೆಂಟಿಸ್‌ಗಳು ಅಂತ ಬರೆಸಿ ಸರ್.