ತುರ್ತು: ಜಾಲದಲ್ಲಿ ಆರಿಸಿ ಹಿಡಿಯುವ ‘ನೋಡ್’ಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,
ವಿದ್ಯುತ್ ಜಾಲದ ಬಗ್ಗೆ ಪ್ರದರ್ಶನ ಫಲಕಗಳನ್ನು ಅನುವಾದಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕು. 2012ರ ಜುಲೈ 30, 31ರಂದು ಉತ್ತರ ಭಾರತ ಕತ್ತಲಲ್ಲಿ ಮುಳುಗಿದ್ದು, 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ಮಾರ್ಗದಿಂದ ದಕ್ಷಿಣದ ಜಾಲ ದೇಶದ ಜಾಲಕ್ಕೆ ಕೂಡಿಕೊಂಡದ್ದು, ಇವೆಲ್ಲ ಸಲೀಸಾಗಿ ಬಂದವು. ತೊಡಕಿರುವುದು ಒಂದೇ ಮಾತಿನಲ್ಲಿ: ಜಾಲ ಓಲಾಡತೊಡಗಿದಾಗ ಎಲ್ಲ ಗಂಟುಗಳನ್ನೂ (ನೋಡ್, ಎಂದರೆ ಎಳೆಗಳು ಕೂಡುವ ಜಾಗಗಳನ್ನು) ಹಿಡಿಯಬೇಕಿಲ್ಲ, ಸರಿಯಾದ ಕೆಲವನ್ನು ಆರಿಸಿ ಹಿಡಿದರೆ ಉಳಿದವು ಹಾದಿಗೆ ಬರುತ್ತವೆ. ಹಾಗೆ ಆರಿಸಿದ ಗಂಟಿಗೆ ಏನೆನ್ನಲಿ? ‘ನಿಯಂತ್ರಣ ಬಿಂದು’ ಎಂದು ಬರೆದು ಹೊಡೆದುಹಾಕಿದೆ. ಬಿಂದುವಿಗೆ ಎಳೆಗಳಿರುವುದಿಲ್ಲ. ‘ಲಗಾಮು ಗಂಟು’ ಆದೀತೇ?

ಉತ್ತರ:
ಆಗದು. ಲಗಾಮು ಪಾರಸಿ, ನಮ್ಮಲ್ಲಿ ಕಡಿವಾಣವಿದೆ. ಅದಕ್ಕಿಂತಲೂ ತಕ್ಕದ್ದು ‘ಕಡೆಗೀಲು’. ಬಂಡಿಯ ಅಚ್ಚಿನ ತುದಿಗೆ ತೂರಿಸುವ ಬೆರಳುದ್ದದ ಕಬ್ಬಿಣ ಅದು. ಕಳಚಿತೋ, ಗಾಲಿ ಒಂದು ಕಡೆ, ಹೇರು ಒಂದು ಕಡೆ. ಜೇಡರ ದಾಸಿಮಯ್ಯ ಒಡಲನ್ನೇ ಬಂಡಿ ಮಾಡಿ ಈ ಪದ ಬಳಸಿದ್ದಾನೆ. ಕಡಾಣಿ ಎಂದರೂ ಇದೇ, ತಮಿಳಿನ ಕಡೈಯಾಣಿಯೂ ಇದೇ. ಇಷ್ಟಿರುವಾಗ ಹುಡುಕಾಟವೇಕೆ?

ಮರುಪ್ರಶ್ನೆ:
ಸರ್, ತುದಿಯಲ್ಲಿರುವುದು ಎಂಬ ಅರ್ಥ ಚೆನ್ನಾಗಿ ಒಪ್ಪುತ್ತದೆ. ಹಿಡಿಯಬೇಕಾದವು ಬಹುಮಟ್ಟಿಗೆ ಹೆಚ್ಚು ಎಳೆಗಳು ಕೂಡುವ ದೊಡ್ಡ ಗಂಟುಗಳಲ್ಲ ಎಂದು ಸಂಶೋಧಕರಾದ ಲಿಯು, ಸ್ಲೊಟೀನ್, ಬರಬಾಶಿ 2011ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದರು. ಆದರೆ ಕಡೆಗೀಲು ಕೂತಲ್ಲೇ ಕೂತಿರುತ್ತದೆ. ಇಲ್ಲಿ ವಿದ್ಯುತ್ತಿನ ಆವರ್ತನ (ಸೆಕೆಂಡಿಗೆ ಅದರ ಓಲಾಟದ ಸಂಖ್ಯೆ) 50 ಹರ್ಟ್ಸ್‌ನಿಂದ ತುಸು ಜಾರಿದರೂ ಅಳೆಯಬೇಕು, ತಿದ್ದಬೇಕು, ಮತ್ತೆ ಅಳೆಯಬೇಕು. ಎಳೆಯುವುದು, ಸಡಿಲಿಸುವುದು ಎರಡೂ ಲಗಾಮಿನಲ್ಲಿವೆ. ಪಾರಸಿ ಎಂದು ಬಿಟ್ಟರೆ ಅರ್ಜಿ, ಜಮೀನು ಎರಡನ್ನೂ ಬಿಡಬೇಕಾಗುತ್ತದೆ. ನಿಮ್ಮ ಕೀಲು ಮಾತ್ರ ಸಂಸ್ಕೃತದ ಕೀಲವಲ್ಲವೇ? ‘ಹಿಡಿಗಂಟು’ ಎಂದರೆ?

ಉತ್ತರ:
ಕೀಲ ಸಂಸ್ಕೃತಕ್ಕೆ ಎಲ್ಲಿಂದ ಹೋಯಿತು ಎಂಬುದನ್ನು ಮೊದಲು ಕೇಳಿ. ಅರ್ಜಿಯನ್ನು ಬಿಡಿ ಎಂದು ನಾನು ಹೇಳಿಲ್ಲ. ನೆಲೆಸಿದ ಪದ ನಮ್ಮದೇ. ಹೊಸದು ಕಟ್ಟುವಾಗ ಮನೆಯ ಮರವಿರಲಿ ಎಂಬುದಷ್ಟೇ ನನ್ನ ಹಟ. ಹಿಡಿಗಂಟು ಬೇಡವೇ ಬೇಡ. ಹಕಾರ ನುಂಗುವ ಊರುಗಳಲ್ಲಿ ಅದು ಇಡಿಗಂಟಾಗುತ್ತದೆ. ಓದುಗರು ನಿವೃತ್ತಿಯ ಹಣವೆಂದುಕೊಳ್ಳುತ್ತಾರೆ. ತಿದ್ದುತ್ತಿರಬೇಕು ಎಂಬ ನಿಮ್ಮ ಮಾತು ಸರಿ, ಅದನ್ನು ನಾನು ಗಮನಿಸಿರಲಿಲ್ಲ. ‘ಹಿಡಿತದ ಗಂಟು’ ಎನ್ನಿ. ಕಡೆಗೀಲನ್ನು ವಿವರಣೆಯಲ್ಲಾದರೂ ಉಳಿಸಿಕೊಳ್ಳಿ.

ಮರುಮಾತು:
ಫಲಕದಲ್ಲಿ ‘ಹಿಡಿತದ ಗಂಟು’ ಎಂದು ಹಾಕಿದ್ದೇನೆ. ಕಡೆಗೀಲು ಚಿತ್ರದ ಅಡಿಬರಹದಲ್ಲಿದೆ, ಬಂಡಿಯ ಜೊತೆಗೆ.