ಹಾಲಿಡೇ ಕ್ಲಬ್ ಮೆಂಬರ್‌ಶಿಪ್: ಕಂಪನಿಯಿಂದ ಹೊಸದು ತಗೋಬೇಕೋ, ರೀಸೇಲ್ ತಗೋಬೇಕೋ?

ಕೇಶ್ವಾಪುರ_ಹುಬ್ಬಳ್ಳಿ:
ನಮಸ್ಕಾರ್ರಿ ಎಲ್ಲಾರಿಗೂ. ಮನ್ಯಾಗ ನಾಲ್ಕು ಮಂದಿ, ಹುಡುಗರಿಗೆ 7 ಮತ್ತ 11 ವರ್ಷ. ಮೊದಲ ರೊಕ್ಕ ಕಟ್ಟಿ ವರ್ಷಾ ವರ್ಷಾ ಕಂಪನಿಯ ರಿಸಾರ್ಟ್‌ನ್ಯಾಗ ಇಷ್ಟು ರಾತ್ರಿ ಉಳಿಯೋ ಹಾಲಿಡೇ ಕ್ಲಬ್ ಮೆಂಬರ್‌ಶಿಪ್ ತಗೋಬೇಕಂತ ಅದೀವಿ, ಒಂದ ಕಂಪನಿಯ ಎರಡು ಆಫರ್ ಮುಂದ ಅದಾವು. ಕಂಪನಿಯವರದು 25 ವರ್ಷ, ವರ್ಷಕ್ಕ 7 ರಾತ್ರಿ, ಒಂದು ಬೆಡ್‌ರೂಮಿನ ಅಪಾರ್ಟ್‌ಮೆಂಟ್, 4 ಲಕ್ಷ, ಮ್ಯಾಲ ಜಿಎಸ್‌ಟಿ. 48 ತಿಂಗಳ ಇಎಂಐ ಮಾಡಿಕೊಡ್ತೀವಿ ಅಂತಾರ. ಇನ್ನೊಂದು ಬೆಳಗಾವಿ ಮೆಂಬರ್ ಒಬ್ಬರದು. 15 ವರ್ಷ ಉಳದೈತಿ, 1.2 ಲಕ್ಷ ಕೇಳ್ತಾರ. ವರ್ಷದ ಫೀ ಎರಡಕ್ಕೂ ಸುಮಾರು 20 ಸಾವಿರ, ಜಿಎಸ್‌ಟಿ ಸೇರಿ. ಟ್ರಾನ್ಸ್‌ಫರ್ ಖರ್ಚು 25 ಸಾವಿರ ಬರತೈತಿ ಅಂತ ಮಾರೋರು ಹೇಳ್ಯಾರ. ಹುಡುಗರ ಸೂಟಿ ಬಿಟ್ಟು ಬ್ಯಾರೆ ದಿನ ಹೋಗಾಕ ಆಗೂದಿಲ್ಲ. ತಿಳದವರು ಹೇಳ್ರಿ, ಯಾವುದು ತಗೊಳ್ಳೂದು ಚಲೋ?

ಲೆಕ್ಕಪತ್ರ_ಧಾರವಾಡ:
ಮೊದಲ ಲೆಕ್ಕ ಹಾಕೋಣ್ರಿ. 4 ಲಕ್ಷಕ್ಕ 18% ಜಿಎಸ್‌ಟಿ ಸೇರಿದ್ರ 4.72 ಲಕ್ಷ. 25 ವರ್ಷಕ್ಕ 175 ರಾತ್ರಿ, ಅಂದ್ರ ಒಂದು ರಾತ್ರಿಗೆ 2,697 ರೂಪಾಯಿ. ವರ್ಷದ ಫೀ 20 ಸಾವಿರವನ್ನ 7ಕ್ಕ ಭಾಗಿಸಿದ್ರ 2,857. ಎರಡೂ ಕೂಡಿ 5,554. ರೀಸೇಲ್‌ದು 1.2 ಲಕ್ಷ, ಟ್ರಾನ್ಸ್‌ಫರ್ 25 ಸಾವಿರ, ಒಟ್ಟು 1.45 ಲಕ್ಷ. 105 ರಾತ್ರಿಗೆ ಹಂಚಿದ್ರ 1,381, ಫೀ ಕೂಡಿ 4,238.

ಅಂತರ ಇಷ್ಟ ಅಂತ ತಿಳೀಬ್ಯಾಡ್ರಿ. ಹೊಸದಕ್ಕ ನೀವು 3.27 ಲಕ್ಷ ಹೆಚ್ಚಿಗೆ ಹಾಕ್ತೀರಿ. ಅದನ್ನ ಬ್ಯಾಂಕಿನ್ಯಾಗ 6.5% ಎಫ್‌ಡಿ ಇಟ್ರ ವರ್ಷಕ್ಕ 21 ಸಾವಿರದ ಮ್ಯಾಲ ಬಡ್ಡಿ ಬರ್ತದ, ಈ ವರ್ಷದ ಫೀ ಅದರೊಳಗ ಮುಗೀತದ, ಅಸಲು ನಿಮ್ಮ ಕಡೇನ ಉಳೀತದ. ಇಎಂಐ ಮಾಡಿದ್ರ ಮತ್ತೂ ದುಬಾರಿ. 4.72 ಲಕ್ಷ ಪೂರಾ ಸಾಲ, 12% ಬಡ್ಡಿ ಹಿಡಿದ್ರ ತಿಂಗಳಿಗೆ 12,430 ಬೀಳ್ತದ, 48 ತಿಂಗಳಿಗೆ ಬಡ್ಡೀನ 1.25 ಲಕ್ಷ. ನೀವು ಕೇಳಿದ ರೀಸೇಲ್‌ನ ರೇಟಿಗಿಂತ ಅದ ಹೆಚ್ಚಾತು.

ಆದ್ರ ಎರಡೂ ಆಫರಿನ್ಯಾಗ ಖರೇ ಭಾರ ವರ್ಷದ ಫೀದು. ಅದು ವರ್ಷಾ ವರ್ಷಾ ಏರ್ತದ, ನೀವು ಹೋಗಲಿ ಬಿಡಲಿ ಕಟ್ಟಬೇಕು. 6% ಏರಿಕೆ ಹಿಡಿದ್ರ 12 ವರ್ಷಕ್ಕ ದುಪ್ಪಟ್ಟು, 25ನೇ ವರ್ಷ ಹತ್ರ ಹತ್ರ 81 ಸಾವಿರ. ಒಂದು ವರ್ಷ 7 ರಾತ್ರಿ ಬದಲಿ 4 ರಾತ್ರಿ ಅಷ್ಟ ಉಳದ್ರಿ ಅಂದ್ರ ಫೀ ಒಂದ ರಾತ್ರಿಗೆ 5,000 ಆಗ್ತದ, ರೂಮಿನ ರೊಕ್ಕ ಇನ್ನೂ ಬ್ಯಾರೆ. ಹಿಂಗಾಗಿ ಕರಾರಿನ್ಯಾಗ ಫೀ ಏರಿಸೋ ಕಲಮು ಹುಡುಕ್ರಿ. ಮಿತಿ ಅದ ಏನು, ಯಾವ ಬೆಲೆ ಸೂಚ್ಯಂಕಕ್ಕ ಕಟ್ಟ್ಯಾರ, ಉಳಿದ ರಾತ್ರಿ ಮುಂದಿನ ವರ್ಷಕ್ಕ ಹೋಗ್ತಾವ ಏನು, ಹೋದ್ರ ಎಷ್ಟು ವರ್ಷ. "ಏರೂದ ಇಲ್ರಿ" ಅಂತ ಮಾರೋ ಹುಡುಗ ಬಾಯಿಲೆ ಹೇಳಿದ್ದಕ್ಕ ಕಿಮ್ಮತ್ತಿಲ್ಲ.

ಶಾಲ್ಮಲಾ:
ಲೆಕ್ಕ ಸರಿ ಅದ. ಆದರೆ ಪ್ರಶ್ನೆ ಕೇಳಿದವರು ಸೀಸನ್ ಯಾವುದು, ಅಂದರೆ ವರ್ಷದ ಯಾವ ದಿನಗಳಲ್ಲಿ ಬುಕ್ ಮಾಡೋ ಹಕ್ಕು ಅಂತ ಬರೆದೇ ಇಲ್ಲ. ಇವರ ಪರಿಸ್ಥಿತಿಗೆ ಎಲ್ಲಾ ನಿಂತಿರೋದೇ ಅದರ ಮೇಲೆ.

ಇಂಥದೇ ಒಂದು ಕಂಪನಿಯಾದ ಕ್ಲಬ್ ಮಹೀಂದ್ರದಲ್ಲಿ ಮೇಲಿಂದ ಕೆಳಕ್ಕೆ ಪರ್ಪಲ್, ರೆಡ್, ವೈಟ್, ಬ್ಲೂ ಅಂತ ನಾಲ್ಕು ಸೀಸನ್, ಬೇರೆಯವರ ಕಡೆ ಬೇರೆ ಹೆಸರು. ನಿಮ್ಮ ಸೀಸನ್ ಮತ್ತು ಅದಕ್ಕಿಂತ ಕೆಳಗಿನದರಲ್ಲಿ ಬುಕ್ ಮಾಡಬಹುದು, ಮೇಲಿನದರಲ್ಲಿ ಆಗೋದಿಲ್ಲ. ಜೊತೆಗೆ ಪ್ರತಿ ರಿಸಾರ್ಟ್‌ಗೂ ಅದರದೇ ಕ್ಯಾಲೆಂಡರ್ ಇರತದ. ಗೋವಾದಲ್ಲಿ ಮಳೆಗಾಲ ಅಗ್ಗ, ಕ್ರಿಸ್‌ಮಸ್ ವಾರ ಎಲ್ಲಕ್ಕಿಂತ ಮೇಲಿನ ದರ್ಜೆ. ಗುಡ್ಡದ ಊರುಗಳಲ್ಲಿ ಮೇ ತಿಂಗಳು ಮೇಲಿನ ದರ್ಜೆ. ನಮ್ಮ ಕಡೆ ಶಾಲೆಗಳ ಸೂಟಿ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆತನಕ, ಆಮೇಲೆ ದಸರಾ. ಎಲ್ಲಾ ರಾಜ್ಯದ ಪಾಲಕರೂ ಆಗಲೇ ಮುಗಿಬೀಳೋದು. ವೈಟ್ ಅಥವಾ ಬ್ಲೂ ಮೆಂಬರ್‌ಶಿಪ್ 1.2 ಲಕ್ಷಕ್ಕೆ ಅಗ್ಗ ಅಂತ ಕಂಡರೂ ಮಕ್ಕಳ ಸೂಟಿಗೆ ನಿಮಗೆ ರೂಮೇ ಸಿಗೋದಿಲ್ಲ. ನಿಮ್ಮಂಥವರಿಗೆ ಮೇಲಿನ ಎರಡು ದರ್ಜೆ ಬಿಟ್ಟು ಬೇರೆ ಬೇಡ.

ಮಾರೋರಿಗೆ ಒಂದು ಕೆಲಸ ಹೇಳಿ: ನಿಮ್ಮ ಎದುರಿಗೆ ಲಾಗಿನ್ ಆಗಿ, ಮುಂದಿನ ಮೇ ಎರಡನೇ ವಾರಕ್ಕೆ ಮಡಿಕೇರಿ, ಮುನ್ನಾರ್, ಊಟಿ ಮೂರೂ ಕಡೆ ಒಂದು ಬೆಡ್‌ರೂಮ್ ಹುಡುಕಿ ತೋರಿಸಲಿ. ಬುಕಿಂಗ್ ತೆರೆಯೋಕೆ ಎಷ್ಟು ತಿಂಗಳು ಮೊದಲು ಅವಕಾಶ ಅಂತಾನೂ ಅಲ್ಲೇ ಗೊತ್ತಾಗತದ. ಕಂಪನಿ ಕಡೆಯಿಂದ ತಗೊಂಡರೂ ಇದನ್ನೇ ಕೇಳಿ. ತೋರಿಸೋಕೆ ಹಿಂಜರಿದರೆ ಅಲ್ಲೇ ಎದ್ದು ಬನ್ನಿ.

ಇನ್ನೊಂದು, ಒಂದು ಬೆಡ್‌ರೂಮಿಗೆ ಎಷ್ಟು ಜನ ಅನ್ನೋದು. 12 ದಾಟಿದ ಮಗುವನ್ನ ದೊಡ್ಡವರ ಲೆಕ್ಕಕ್ಕೆ ಹಿಡಿಯೋ ನಿಯಮ ಬಹಳ ಕಡೆ ಅದ, ನಿಮ್ಮ ಹಿರಿಯ ಮಗುವಿಗೆ ಈಗಲೇ 11. ನಾಲ್ಕೈದು ವರ್ಷದಲ್ಲಿ ಎಸ್ಸೆಸ್ಸೆಲ್ಸಿ, ಆಮೇಲೆ ಪಿಯುಸಿ, ಸಿಇಟಿ. ಇನ್ನೊಂದು ಮಗು ಹಿಂದೆ ಬರತದ. ಮಕ್ಕಳ ಜೊತೆ ಹೋಗೋ ವರ್ಷಗಳು ಹತ್ತಕ್ಕಿಂತ ಹೆಚ್ಚಿಲ್ಲ, 25 ವರ್ಷದ್ದು ಯಾಕೆ ಬೇಕು ಅಂತ ಮನೆಯಲ್ಲಿ ಕೂತು ಯೋಚಿಸಿ. ಹುಬ್ಬಳ್ಳಿಯಿಂದ ದಾಂಡೇಲಿ ಎರಡು ತಾಸು, ಗೋವಾ ನಾಲ್ಕೈದು ತಾಸು. ಬರೇ ಅಲ್ಲಿಗೇ ಹೋಗೋರಾದರೆ ಆಯಾ ಸಲ ಹೋಮ್‌ಸ್ಟೇ ಹಿಡಿಯೋದೇ ಚಲೋ, ಊಟದ ಖರ್ಚೂ ಕಡಿಮೆ. ರಿಸಾರ್ಟ್ ಮೆಂಬರ್‌ಶಿಪ್‌ನಲ್ಲಿ ಸಾಮಾನ್ಯವಾಗಿ ಊಟ ಸೇರಿರೋದಿಲ್ಲ, ನಾಲ್ಕು ಜನಕ್ಕೆ ದಿನಕ್ಕೆ ಎಷ್ಟಾಗತದ ಅಂತ ಮೆನು ತರಿಸಿ ನೋಡಿ.

ಗದಗ_ವಕೀಲ:
ರೀಸೇಲ್ ಕಡೆ ಒಲವಿದ್ದರೆ ಕಾಗದದ ವಿಷಯ ಹೇಳುತ್ತೇನೆ. ಇಲ್ಲಿ ನಿಮಗೆ ಸಿಗುವುದು ಜಾಗದ ಮಾಲೀಕತ್ವ ಅಲ್ಲ, ಇಷ್ಟು ವರ್ಷ ಉಳಿಯುವ ಹಕ್ಕು ಮಾತ್ರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ, ಉತಾರ ಯಾವುದೂ ಇಲ್ಲ. ಆದ್ದರಿಂದ ನೀವು ಮತ್ತು ಮಾರುವವರು ಸ್ಟಾಂಪ್ ಪೇಪರ್ ಮೇಲೆ ಎಷ್ಟೇ ಬರೆದುಕೊಂಡರೂ, ಕಂಪನಿ ತನ್ನ ದಾಖಲೆಯಲ್ಲಿ ನಿಮ್ಮ ಹೆಸರು ಏರಿಸುವವರೆಗೆ ನಿಮ್ಮ ಕೈಯಲ್ಲಿ ಏನೂ ಇಲ್ಲ.

ಮೊದಲು ಮೂಲ ಕರಾರು ಮತ್ತು ಮೆಂಬರ್‌ಶಿಪ್ ನಿಯಮಾವಳಿ ತರಿಸಿ, ವರ್ಗಾವಣೆಯ ಕಲಮು ಓದಿ. ಆಮೇಲೆ ಮಾರುವವರು ತಮ್ಮ ನೋಂದಾಯಿತ ಇಮೇಲ್‌ನಿಂದಲೇ ಕಂಪನಿಗೆ ಬರೆಯಲಿ, ನಿಮಗೂ ಪ್ರತಿ ಹಾಕಲಿ. ಉಳಿದ ವರ್ಷ, ಸೀಸನ್, ಅಪಾರ್ಟ್‌ಮೆಂಟ್, ಬಾಕಿ ಫೀ, ಬಾಕಿ ಇಎಂಐ, ಈಗಾಗಲೇ ಮುಂಗಡ ಬಳಸಿಬಿಟ್ಟ ರಾತ್ರಿಗಳು, ವರ್ಗಾವಣೆ ಶುಲ್ಕ ಎಷ್ಟು, ವರ್ಗಾವಣೆ ಆದ ಮೇಲೆ ಯಾವ ಸೌಲಭ್ಯ ಹೋಗುತ್ತದೆ: ಇಷ್ಟಕ್ಕೂ ಲಿಖಿತ ಉತ್ತರ ಬರಬೇಕು. ಆರ್‌ಸಿಐ ಎಂಬ ರಿಸಾರ್ಟ್ ವಿನಿಮಯ ಸಂಸ್ಥೆಯ ಮೂಲಕ ಬೇರೆ ದೇಶದ ರಿಸಾರ್ಟ್‌ಗೆ ಅದಲು ಬದಲು ಮಾಡುವ ಹಕ್ಕು ರೀಸೇಲ್‌ನಲ್ಲಿ ತಗೊಂಡ ಮೆಂಬರ್‌ಗೆ ಬರುತ್ತದೋ ಇಲ್ಲವೋ ಬಿಡಿಸಿ ಕೇಳಿ. ಬಂದರೂ ಪ್ರತಿ ಅದಲು ಬದಲಿಗೆ ಬೇರೆ ಶುಲ್ಕ ಇರುತ್ತದೆ.

ಎಡವಟ್ಟು ಹೆಚ್ಚಾಗಿ ಆಗುವುದು ಮೂರು ಕಡೆ. ಮುಂದಿನ ವರ್ಷದ ರಾತ್ರಿಗಳನ್ನೂ ಮಾರುವವರು ಬಳಸಿ ಮುಗಿಸಿರುತ್ತಾರೆ, ಫೀ ಮಾತ್ರ ನಿಮ್ಮ ತಲೆಗೆ. ಇಎಂಐ ಸಾಲ ಬಾಕಿ ಇದ್ದರೆ ಅದು ತೀರದೆ ಕಂಪನಿ ವರ್ಗಾವಣೆಗೆ ಒಪ್ಪುವುದಿಲ್ಲ. ಇನ್ನು ಗಂಡ ಹೆಂಡತಿ ಇಬ್ಬರ ಹೆಸರಲ್ಲಿದ್ದು ಒಬ್ಬರೇ ಸಹಿ ಹಾಕಿದರೆ ಅರ್ಜಿ ವಾಪಸು ಬರುತ್ತದೆ. ಒಬ್ಬರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ಒಪ್ಪಿಗೆ ಬೇಕಾಗಬಹುದು.

ಕೇಶ್ವಾಪುರ_ಹುಬ್ಬಳ್ಳಿ:
ಎಲ್ಲಾರಿಗೂ ಶರಣ್ರಿ. ವಿಚಾರಿಸಿದೆ, ಬೆಳಗಾವಿಯವರದು ರೆಡ್, ಸಾಲ ಇಲ್ಲ. ಆದ್ರ ಇವತ್ತ 50 ಸಾವಿರ ಟೋಕನ್ ಹಾಕ್ರಿ, ಬ್ಯಾರೆಯವರು ಕಾಯಾಕತ್ತಾರ ಅಂತಾರ. ಆ ಕಡೆ ಕಂಪನಿಯವರು ಇವತ್ತ ಸಹಿ ಮಾಡಿದ್ರ 40 ಸಾವಿರ ಕಮ್ಮಿ, ನಾಳೆ ಈ ರೇಟ್ ಇಲ್ಲ ಅಂತಾರ. ಹಂಗ 10 ವರ್ಷ ಆದಮ್ಯಾಲ ಕಂಪನೀನ ವಾಪಸ್ ತಗೋತೈತಿ, ರೊಕ್ಕ ಬೆಳೀತೈತಿ ಅಂತನೂ ಹೇಳಿದ್ರು.

ಗದಗ_ವಕೀಲ:
ಟೋಕನ್ ಕೊಡಲೇಬೇಕಾದರೆ 5 ಸಾವಿರ ಸಾಕು. ಬ್ಯಾಂಕ್ ಖಾತೆಗೇ ಹಾಕಿ, "ಕಂಪನಿ ವರ್ಗಾವಣೆ ನಿರಾಕರಿಸಿದರೆ ಪೂರ್ತಿ ವಾಪಸ್" ಎಂದು ಇಬ್ಬರೂ ಸಹಿ ಮಾಡಿದ ಪತ್ರ ಇರಲಿ. ಖಾತೆಯ ಹೆಸರು ಮೆಂಬರ್‌ಶಿಪ್‌ನ ಹೆಸರಿಗೆ ಹೊಂದಬೇಕು. ಉಳಿದ ಹಣವನ್ನು ವರ್ಗಾವಣೆಯ ಪತ್ರ ಬಂದು, ನಿಮ್ಮ ಲಾಗಿನ್‌ನಲ್ಲಿ ರಾತ್ರಿಗಳು ಕಂಡ ದಿನ ಕೊಡಿ. ನಡುವೆ ಯಾವ ಏಜೆಂಟ್ ಬಂದು "ಮೊದಲು ಜಿಎಸ್‌ಟಿ, ಪ್ರೊಸೆಸಿಂಗ್ ಫೀ ಕಟ್ಟಿ" ಎಂದರೂ ಕಟ್ಟಬೇಡಿ. ವರ್ಗಾವಣೆ ಶುಲ್ಕ ಕಂಪನಿಯ ಖಾತೆಗೇ ನೇರ ಹೋಗಬೇಕು.

ಬೆಳಗಾವಿಯವರು ಮೋಸ ಮಾಡಿದರೆ ಗ್ರಾಹಕ ಆಯೋಗ ನಿಮಗೆ ನೆರವಾಗುವುದಿಲ್ಲ, ಅದು ಇಬ್ಬರು ಖಾಸಗಿ ವ್ಯಕ್ತಿಗಳ ವ್ಯವಹಾರ, ಸಿವಿಲ್ ಕೋರ್ಟ್‌ಗೆ ಹೋಗಬೇಕು. ಕಂಪನಿ ಸೇವೆ ಕೊಡದಿದ್ದರೆ ಮಾತ್ರ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ನೀವು ಇರುವ ಜಿಲ್ಲೆಯಲ್ಲೇ, ಅಂದರೆ ಧಾರವಾಡದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಗಡುವು ಎರಡು ವರ್ಷ. ಕರಾರಿನಲ್ಲಿ "ವಿವಾದವೆಲ್ಲ ಪರವೂರಿನ ಮಧ್ಯಸ್ಥಗಾರರ ಮುಂದೆ" ಎಂದಿದ್ದರೂ ಗ್ರಾಹಕ ಆಯೋಗದ ದಾರಿ ಮುಚ್ಚುವುದಿಲ್ಲ. ಎಮಾರ್ ಎಂಜಿಎಫ್ ಎಂಬ ಬಿಲ್ಡರ್ ಕಂಪನಿಯ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ.

ವಾಪಸ್ ತಗೊಳ್ಳುವ ಮಾತು ನನಗೆ ಎಲ್ಲಕ್ಕಿಂತ ಕೆಟ್ಟದ್ದಾಗಿ ಕಾಣುತ್ತದೆ. ರೂಮಿನ ರಾತ್ರಿ ಮಾರಿ, ಅವಧಿ ಮುಗಿದ ಮೇಲೆ ಬೆಳೆದ ಹಣ ಕೊಡುತ್ತೇವೆ ಎನ್ನುತ್ತಿದ್ದ ಪ್ಯಾನ್‌ಕಾರ್ಡ್ ಕ್ಲಬ್ಸ್ ಕಂಪನಿಯ ಯೋಜನೆಗಳನ್ನು ಹೂಡಿಕೆ ಮಾರುಕಟ್ಟೆಯ ನಿಯಂತ್ರಕ ಸೆಬಿ 2014ರಲ್ಲಿ ನಿಲ್ಲಿಸಿತು. ಈ ಭರವಸೆ ಕರಾರಿನಲ್ಲಿ ಅಚ್ಚಾಗಿದೆಯೇ ನೋಡಿ. ಅಚ್ಚಾಗದಿದ್ದರೆ ಅದು ಸುಳ್ಳು, ಅಚ್ಚಾಗಿದ್ದರೆ ಇನ್ನೂ ಹೆಚ್ಚು ಅಂಜಬೇಕು.

ಲೆಕ್ಕಪತ್ರ_ಧಾರವಾಡ:
40 ಸಾವಿರ ಕಮ್ಮಿ ಆದ್ರೂ ನನ್ನ ಲೆಕ್ಕದಾಗ ಒಂದು ರಾತ್ರಿಗೆ 270 ರೂಪಾಯಿ ಅಷ್ಟ ಇಳೀತದ, ಜಿಎಸ್‌ಟಿ ಹಿಡಿದು. ಕಂಪನಿದ ಬೇಕು ಅಂದ್ರ ರದ್ದು ಮಾಡೋ ಅವಧಿ ಎಷ್ಟು ದಿನ, ಯಾವ ದಿನದಿಂದ ಎಣಿಸ್ತಾರ, ಪೂರ್ತಿ ರೊಕ್ಕ ಬರ್ತದೋ ಅಂತ ಕೇಳ್ರಿ. ಆ ಅವಧಿ ಒಳಗ ಇಎಂಐ ಸಾಲಾನೂ ರದ್ದಾಗ್ತದ ಅಂತ ಬ್ಯಾಂಕಿನಿಂದ ಬರಹದಾಗ ತಗೋರಿ. ರೆಡ್ ಅಂದ್ರ ಬೆಳಗಾವಿಯವರದು ವಿಚಾರ ಮಾಡೋವಂಥಾದ್ದು, ಆದ್ರ 1.2 ಲಕ್ಷ ಕಡೀ ರೇಟ್ ಅಂತ ತಿಳೀಬ್ಯಾಡ್ರಿ. ಫೀ ಕಟ್ಟೂದು ಸಾಕಾಗಿ ಮಾರೋರ ಹೆಚ್ಚು, ತಗೊಳ್ಳೋರು ಕಡಿಮಿ. ಟ್ರಾನ್ಸ್‌ಫರ್ ಖರ್ಚು ಅವರ ಕಡೀಂದ ಆಗಲಿ, 80 ಸಾವಿರದಿಂದ ಮಾತು ಶುರು ಮಾಡ್ರಿ.