ಮಳೆಗಾಳಿಗೆ ಬಿದ್ದ ಕೋಟೆಯಲ್ಲ

ಗುಂಪು: ದೊಡ್ಮನೆ ಬಳಗ

ರಘು ಚಿಕ್ಕಪ್ಪ: (ಫಾರ್ವರ್ಡ್ ಆದ ವಿಡಿಯೊ) ಇಂಗ್ಲೆಂಡಿನ ಕಾರ್ಫ್ ಕೋಟೆ. ನೂರಾರು ವರ್ಷದ ಮಳೆಗಾಳಿಗೆ ಹೇಗೆ ಕುಸಿದಿದೆ ನೋಡಿ. ಕಾಲದ ಮುಂದೆ ಯಾರೂ ದೊಡ್ಡವರಲ್ಲ.

ಮೇಘನಾ: ಚಿಕ್ಕಪ್ಪ, ಇದು ನಾವಿರೋ ಡಾರ್ಸೆಟ್‌ನಲ್ಲೇ ಇದೆ. ಮಳೆಗಾಳಿಗೆ ಬಿದ್ದದ್ದಲ್ಲ, ಬೇಕಂತ್ಲೇ ಸಿಡಿಮದ್ದಿಟ್ಟು ಕೆಡವಿದ್ದು. 1646ರಲ್ಲಿ ಪಾರ್ಲಿಮೆಂಟೇ ತೀರ್ಮಾನ ಮಾಡಿತ್ತು.

ರಘು ಚಿಕ್ಕಪ್ಪ: ಯುದ್ಧದಲ್ಲಿ ಬಿತ್ತು ಅಂದ್ರೆ ಒಪ್ತೀನಿ. ಕೈಗೆ ಬಂದ ಮೇಲೆ ತಮ್ಮದೇ ದೇಶದ ಕೋಟೆನ ಯಾರಮ್ಮ ಒಡೀತಾರೆ?

ಮೇಘನಾ: ಒಡೆದ್ರು. ಆಗ ರಾಜ ಒಂದನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ. ರಾಜನ ಕಡೆಯವರು ಮತ್ತೆ ಬಂದು ಸೇರ್ಕೋಬಾರದು ಅಂತ. ಕೋಟೆ ಬ್ಯಾಂಕ್ಸ್ ಮನೆತನದ್ದು. 1643ರಲ್ಲಿ ಪಾರ್ಲಿಮೆಂಟ್ ಕಡೆಯವರಿಂದ ಆರು ವಾರದ ಮುತ್ತಿಗೆ. ಮನೆಯೊಡತಿ ಮೇರಿ ಬ್ಯಾಂಕ್ಸ್‌ಳ ಗಂಡ ರಾಜನ ಜೊತೆಗಿದ್ದ. ಅವಳೇ ಹೆಣ್ಣುಮಕ್ಕಳು, ಕೆಲಸದವರು, ಒಂದಷ್ಟು ಸೈನಿಕರನ್ನ ಕಟ್ಕೊಂಡು ಗೋಡೆ ಮೇಲಿಂದ ಕಲ್ಲು, ಕೆಂಡ ಸುರಿದು ತಡೆದಳು.

ದೊಡ್ಡಮ್ಮ: ಎಂಥಾ ಗಟ್ಟಿಗಿತ್ತಿ! ಮತ್ತೆ ಸೋತದ್ದು ಹೇಗೆ?

ಮೇಘನಾ: ಎರಡನೇ ಮುತ್ತಿಗೆಯಲ್ಲಿ ಒಳಗಿನವನೇ ಕೈಕೊಟ್ಟ ದೊಡ್ಡಮ್ಮ. ಪಿಟ್ಮನ್ ಅನ್ನೋ ಅಧಿಕಾರಿ. ಸಹಾಯಕ್ಕೆ ದಂಡು ತರ್ತೀನಿ ಅಂತ ಹೋಗಿ ಶತ್ರುಗಳನ್ನೇ ಒಳಗೆ ಬಿಟ್ಟ.

ವಿನಯ: ಮದ್ದಿಟ್ಟ ಗುರುತೇನು? ಪಾಳು ಗೋಡೆಗಳೆಲ್ಲ ಹೀಗೇ ಕಾಣತ್ವೆ.

ಮೇಘನಾ: ಬಾಗಿಲು ಬಂದಾಗ ವಿಡಿಯೊ ನಿಲ್ಲಿಸಿ ನೋಡು. ಎರಡು ಬುರುಜುಗಳಲ್ಲಿ ಒಂದು ಇದ್ದಲ್ಲೇ ಇದೆ, ಇನ್ನೊಂದು ಇಡಿಯಾಗಿ ಕೆಳಕ್ಕೆ ಜಾರಿದೆ. ಕಮಾನು ಸೀಳಿದೆ, ಆದ್ರೆ ಜಾರಿದ ಬುರುಜಿನ ಕಲ್ಲಿನ ಸಾಲು ಕದಡಿಲ್ಲ. ಬುಡ ತೋಡಿ ಮದ್ದು ತುಂಬಿದ್ದಕ್ಕೆ ಹೀಗಾಗಿದ್ದು. ಮಳೆ ಮಾಡೋ ಕೆಲಸವಾ ಇದು?

ರಘು ಚಿಕ್ಕಪ್ಪ: ಆಯ್ತು. ಆದ್ರೆ ಊರವರು ಕಲ್ಲು ಹೊತ್ಕೊಂಡು ಹೋದ್ರಂತಲ್ಲ, ಅದು ಲೂಟಿನೇ. ಇರೋದನ್ನಾದ್ರೂ ಮತ್ತೆ ಕಟ್ಟಿ ನಿಲ್ಲಿಸಲಿ.

ಮೇಘನಾ: ಲೂಟಿ ಅನ್ನಬೇಡಿ. ಒಡೆದವರು ಊರವರಲ್ಲ. ಬಿದ್ದ ಕಲ್ಲು ಊರಿನ ಮನೆಗಳ ಗೋಡೆ ಸೇರಿತು, ಅಷ್ಟೇ. ಮತ್ತೆ ಕಟ್ಟೋದಂತೂ ಬೇಡವೇ ಬೇಡ. ಆ ಬುರುಜನ್ನ ನೆಟ್ಟಗೆ ಮಾಡಿದ್ರೆ ಇಲ್ಲಿ ನಡೆದದ್ದಕ್ಕೆ ಸಾಕ್ಷಿಯೇ ಹೋಯ್ತು.

ಸುಮಕ್ಕ: ನಾನು ಒಪ್ಪಲ್ಲ ಮೇಘನಾ. ರಾಜ ಒಂದನೇ ಹೆನ್ರಿ ಕಾಲದ ಗೋಪುರ ಐನೂರು ವರ್ಷ ನಿಂತಿತ್ತು. ಕಟ್ಟಿದವರ ಕೆಲಸಕ್ಕಿಂತ ಒಡೆದವರ ಕೆಲಸ ದೊಡ್ಡದಾ?

ಮೇಘನಾ: ಅಲ್ಲ ಅಕ್ಕ. ಆದ್ರೆ ಹೊಸದಾಗಿ ಕಟ್ಟಿದ್ದು ಹೆನ್ರಿದೂ ಆಗಲ್ಲ. ಈಗ ನಿಂತಿರೋ ಕಲ್ಲು ಅವರೇ ಇಟ್ಟದ್ದು.

ರಘು ಚಿಕ್ಕಪ್ಪ: 'ಮಳೆಗಾಳಿ' ತೆಗೆದು ಸರಿಮಾಡಿ ಕಳಿಸ್ತೀನಿ. ಮತ್ತೆ ಕಟ್ಟೋ ವಿಷಯದಲ್ಲಿ ಮಾತ್ರ ನಾನು ಸುಮಾ ಕಡೆ.